ಎರಡು ಬೀಗದಕೈ: ಒಂದಾದ ಎರಡು ಬ್ಯಾಂಕ್ ಶಾಖೆಗಳ ಪ್ರಕರಣ ಅಧ್ಯಯನ

ಹಿನ್ನೆಲೆ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ರಾಷ್ಟ್ರೀಕೃತವಾದ ನಾಲ್ಕು ಬ್ಯಾಂಕುಗಳಲ್ಲಿ ಇಂದು ಹೆಸರು ಉಳಿಸಿಕೊಂಡಿರುವುದು ಕೆನರಾ ಬ್ಯಾಂಕ್ ಒಂದೇ. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಒಂದು ವರ್ಷದ ನಂತರ ಅದೇ ದಿನ, 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ, 1925ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಸೇರಿದವು. 1913ರಿಂದ ಹಳೆಯ ಮೈಸೂರು ಸೀಮೆಯ ಜನರ ಮನೆಮಾತಾಗಿದ್ದ ಮೈಸೂರು ಬ್ಯಾಂಕು ಇದಕ್ಕೆ ಮೊದಲೇ, 2017ರ ಏಪ್ರಿಲ್‌ನಲ್ಲಿ, ಸ್ಟೇಟ್ ಬ್ಯಾಂಕಿನೊಳಗೆ ಕರಗಿತ್ತು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಎಂಟು ವರ್ಷಗಳಲ್ಲಿ ಕರ್ನಾಟಕದ ಬ್ಯಾಂಕ್ ನೌಕರರು ಕಂಡಷ್ಟು ವಿಲೀನಗಳನ್ನು ಬಹುಶಃ ಬೇರೆ ಯಾವ ಕ್ಷೇತ್ರದ ನೌಕರರೂ ಕಂಡಿಲ್ಲ.

ಇಲ್ಲಿ ವಿವರಿಸುವ ಪ್ರಕರಣ ಈ ಕಾಲದ್ದೇ. ಬ್ಯಾಂಕುಗಳ ಹೆಸರನ್ನೂ ಊರನ್ನೂ ಹೇಳುವುದಿಲ್ಲ. ವ್ಯಕ್ತಿಗಳು ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಗ ಸಿಬ್ಬಂದಿ ತರಬೇತಿಯ ಹೊಣೆಯಲ್ಲಿದ್ದ ನಾನು ಎರಡು ವರ್ಷಗಳ ಅವಧಿಯಲ್ಲಿ ಮೂರು ಬಾರಿ ಈ ಶಾಖೆಗೆ ಹೋಗಿ, ಪ್ರತಿ ಬಾರಿಯೂ ಕೆಲವು ದಿನ ಅಲ್ಲೇ ಕುಳಿತು ಎಲ್ಲರೊಂದಿಗೆ ಮಾತನಾಡಿದ್ದೆ. ಮೊದಲ ಬಾರಿ ಹೋದಾಗ ಕೊಟ್ಟ ಸಲಹೆಗಳಲ್ಲಿ ಕೆಲವು ತಪ್ಪಾಗಿದ್ದವು. ಅವನ್ನೂ ಬರೆಯುತ್ತೇನೆ.

ಊರು ಒಂದು ತಾಲ್ಲೂಕು ಕೇಂದ್ರ. ಒಂದೇ ರಸ್ತೆಯಲ್ಲಿ ಕೂಗಳತೆಯ ದೂರದಲ್ಲಿ ಎರಡು ಬ್ಯಾಂಕುಗಳ ಶಾಖೆಗಳಿದ್ದವು. ಹೆಸರು ಉಳಿದ ಬ್ಯಾಂಕಿನ ಶಾಖೆಯನ್ನು ಇಲ್ಲಿ ‘ಪೇಟೆ ಶಾಖೆ’ ಎಂದೂ, ಹೆಸರು ಹೋದ ಬ್ಯಾಂಕಿನ ಶಾಖೆಯನ್ನು ‘ಬಸ್‌ಸ್ಟ್ಯಾಂಡ್ ಶಾಖೆ’ ಎಂದೂ ಕರೆಯೋಣ. ಪೇಟೆ ಶಾಖೆಯಲ್ಲಿ ಹನ್ನೊಂದು ಜನ, ಬಸ್‌ಸ್ಟ್ಯಾಂಡ್ ಶಾಖೆಯಲ್ಲಿ ಒಂಬತ್ತು ಜನ. ಆದರೆ ಊರಿನ ಲೆಕ್ಕದಲ್ಲಿ ಬಸ್‌ಸ್ಟ್ಯಾಂಡ್ ಶಾಖೆಯೇ ಹಿರಿಯದು. ಸುತ್ತಲಿನ ಹಳ್ಳಿಗಳ ಬೆಳೆಸಾಲಗಳಲ್ಲಿ ಹೆಚ್ಚಿನವು ಅಲ್ಲಿದ್ದವು, ಪೇಟೆಯ ಸಣ್ಣ ಅಂಗಡಿಗಳಿಂದ ದಿನವೂ ಸ್ವಲ್ಪ ಸ್ವಲ್ಪವಾಗಿ ಸಂಗ್ರಹಿಸುವ ಪಿಗ್ಮಿ ಠೇವಣಿಯೂ ಅಲ್ಲೇ ಇತ್ತು. ಕಾಗದದ ಮೇಲೆ ದೊಡ್ಡ ಬ್ಯಾಂಕು ಚಿಕ್ಕದನ್ನು ತನ್ನೊಳಗೆ ತೆಗೆದುಕೊಂಡಿತ್ತು. ಊರಿನಲ್ಲಿ ಮಾತ್ರ ಹಿರಿಯ ಶಾಖೆಯೇ ಕಿರಿಯ ಶಾಖೆಯ ಕಟ್ಟಡಕ್ಕೆ ಹೋಗಬೇಕಾಯಿತು. ಈ ತಿರುವು ಮುರುವು ಮೇಲಿನ ಕಚೇರಿಯ ಯಾವ ಯೋಜನೆಯಲ್ಲೂ ಕಾಣುತ್ತಿರಲಿಲ್ಲ.

ವಿಲೀನ ಒಂದೇ ದಿನದ ಘಟನೆಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಮೊದಲು ಬೋರ್ಡು ಬದಲಾಯಿತು. ತಿಂಗಳುಗಳ ನಂತರ ಖಾತೆಗಳು ಹೊಸ ಗಣಕ ವ್ಯವಸ್ಥೆಗೆ ಹೋದವು. ಆಮೇಲೆ ಹಣ ವರ್ಗಾವಣೆಗೆ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಖ್ಯೆಗಳೂ ಚೆಕ್‌ಬುಕ್ಕುಗಳೂ ಬದಲಾದವು. ಕೊನೆಗೆ ಹತ್ತಿರ ಹತ್ತಿರದ ಶಾಖೆಗಳನ್ನು ಒಂದುಗೂಡಿಸುವ ಆದೇಶ ಬಂತು. ಅಂದರೆ ಬಸ್‌ಸ್ಟ್ಯಾಂಡ್ ಶಾಖೆಯ ಒಂಬತ್ತು ಜನ ತಮ್ಮ ಕುರ್ಚಿಗಳನ್ನು ಬಿಟ್ಟು ರಸ್ತೆ ದಾಟುವ ಹೊತ್ತಿಗೆ ಆಗಲೇ ಮೂರು ಬಾರಿ ಏನನ್ನಾದರೂ ಕಳೆದುಕೊಂಡಿದ್ದರು.

ಸಮಸ್ಯೆ

ವಿಲೀನಗೊಂಡ ಬ್ಯಾಂಕುಗಳಲ್ಲಿ ಕೆಲಸ ಮಾಡಿದವರಿಗೆ ‘ಇ’ ಎಂಬ ಒಂದಕ್ಷರದ ಭಾರ ಗೊತ್ತಿರುತ್ತದೆ. ‘ಹಿಂದಿನ’ ಎಂಬರ್ಥದ ಇಂಗ್ಲಿಷ್ ಪದದ ಮೊದಲಕ್ಷರ ಅದು. ಹೆಸರು ಹೋದ ಬ್ಯಾಂಕಿನ ಹೆಸರಿನ ಮುಂದೆ ಅದನ್ನು ಸೇರಿಸಿ ಆ ಬ್ಯಾಂಕಿನಿಂದ ಬಂದವರನ್ನು ಗುರುತಿಸುವ ರೂಢಿ ಎಲ್ಲೆಡೆ ಬೆಳೆಯಿತು. ಈ ಶಾಖೆಯ ರಜೆಯ ಪಟ್ಟಿಯಲ್ಲಿ ಒಂಬತ್ತು ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ ಆ ಅಕ್ಷರವಿತ್ತು. ವೇತನ ಮತ್ತು ಭತ್ಯೆಗಳ ಲೆಕ್ಕ ಸರಿಯಾಗಲೆಂದು ಯಾರೋ ಸದುದ್ದೇಶದಿಂದಲೇ ಬರೆದದ್ದು. ಆ ಕೆಲಸ ಮುಗಿದ ಮೇಲೂ ಅಕ್ಷರ ಉಳಿಯಿತು.

ವಿಲೀನದ ಸರ್ಕಾರಿ ಯೋಜನೆಗಳು ಬಂದ ನೌಕರರ ವೇತನ, ಭತ್ಯೆ, ಸೇವಾ ಷರತ್ತುಗಳು ಹಿಂದಿಗಿಂತ ಕಡಿಮೆಯಾಗಬಾರದೆಂದು ಸ್ಪಷ್ಟವಾಗಿ ಹೇಳಿದ್ದವು. ಆ ಮಾತು ಇಲ್ಲಿಯೂ ಪಾಲನೆಯಾಗಿತ್ತು. ಯಾರ ಸಂಬಳವೂ ಇಳಿಯಲಿಲ್ಲ. ಆದ್ದರಿಂದಲೇ ಮೇಲಿನವರಿಗೆ ಇಲ್ಲಿ ಸಮಸ್ಯೆ ಇದೆಯೆಂದು ಒಪ್ಪಿಕೊಳ್ಳುವುದು ಕಷ್ಟವಾಯಿತು. ಇಳಿದದ್ದು ಬೇರೆ. ಹಳೆಯ ವ್ಯವಸ್ಥೆಯಲ್ಲಿ ಕಣ್ಣು ಮುಚ್ಚಿ ಕೆಲಸ ಮಾಡುತ್ತಿದ್ದ ಇಪ್ಪತ್ತು ವರ್ಷ ಅನುಭವದ ಅಧಿಕಾರಿಯೊಬ್ಬರು ಹೊಸ ಮೆನು ತಿಳಿಯದೆ, ನಿನ್ನೆ ಮೊನ್ನೆ ಸೇರಿದ ಗುಮಾಸ್ತನ ಹಿಂದೆ ನಿಂತು “ಮುಂದೇನು ಒತ್ತಬೇಕಪ್ಪಾ?” ಎಂದು ಕೇಳಬೇಕಾಯಿತು. ಕೇಳಿದಾಗಲೆಲ್ಲ ಸಿಗುತ್ತಿದ್ದ ಉತ್ತರದ ಜೊತೆಗೆ “ನಿಮ್ಮ ಬ್ಯಾಂಕಿನಲ್ಲಿ ಇದೆಲ್ಲ ಇರಲಿಲ್ವಾ ಸರ್?” ಎಂಬ ಮಾತೂ ಸೇರಿಕೊಳ್ಳುತ್ತಿತ್ತು. ಕೇಳಿದ ಹುಡುಗನಿಗೆ ಅದರಲ್ಲಿ ಅವಮಾನ ಮಾಡುವ ಉದ್ದೇಶವಿರಲಿಲ್ಲ. ಆದರೆ ದಿನಕ್ಕೆ ಹತ್ತು ಸಲ ಕೇಳಿಸಿಕೊಂಡವರಿಗೆ ಉದ್ದೇಶ ಮುಖ್ಯವಾಗುವುದಿಲ್ಲ.

ಎರಡು ತಿಂಗಳಲ್ಲಿ ಶಾಖೆ ಎರಡಾಗಿತ್ತು. ಹನ್ನೊಂದು ಗಂಟೆಯ ಚಹಾ ಎರಡು ಅಂಗಡಿಗಳಿಂದ ಬರುತ್ತಿತ್ತು. ಎರಡು ವಾಟ್ಸಾಪ್ ಗುಂಪುಗಳಿದ್ದವು. ಎರಡು ನೌಕರರ ಸಂಘಗಳು ಮೊದಲಿನಿಂದಲೂ ಇದ್ದವು. ಬಸ್‌ಸ್ಟ್ಯಾಂಡ್ ಶಾಖೆಯ ಗ್ರಾಹಕರು ಬಾಗಿಲಲ್ಲಿ ನಿಂತು ತಮಗೆ ಪರಿಚಯದ ಮುಖವನ್ನು ಹುಡುಕುತ್ತಿದ್ದರು. ಆ ಮುಖ ಸಿಕ್ಕರೆ ಎಷ್ಟು ಉದ್ದದ ಸಾಲಿದ್ದರೂ ಅಲ್ಲೇ ನಿಲ್ಲುತ್ತಿದ್ದರು, ಪಕ್ಕದ ಕೌಂಟರ್ ಖಾಲಿ ಇದ್ದರೂ ಹೋಗುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಸಂಗತಿ ಬೀಗದಕೈಯದು. ಬ್ಯಾಂಕಿನ ಸ್ಟ್ರಾಂಗ್ ರೂಮಿನ ನಗದು ಪೆಟ್ಟಿಗೆಗೆ ಎರಡು ಬೀಗದಕೈಗಳಿರುತ್ತವೆ, ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ತೆರೆಯುತ್ತದೆ. ಒಂದು ಮುಖ್ಯ ಕ್ಯಾಷಿಯರ್ ಬಳಿ, ಇನ್ನೊಂದು ಅಧಿಕಾರಿಯ ಬಳಿ. ಇದೇ ಜಂಟಿ ಕಾವಲು. ಬಸ್‌ಸ್ಟ್ಯಾಂಡ್ ಶಾಖೆಯಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದ್ದ ಮುಖ್ಯ ಕ್ಯಾಷಿಯರ್ ಒಬ್ಬರು ಮಹಿಳೆ. ಊರಿನವರೆಲ್ಲ ಅವರನ್ನು ‘ಕ್ಯಾಷ್ ಮೇಡಂ’ ಎಂದೇ ಕರೆಯುತ್ತಿದ್ದರು. ಒಂದಾದ ಶಾಖೆಯಲ್ಲಿ ಅವರೇ ಹಿರಿಯರು. ಆದರೂ ಎರಡು ಬೀಗದಕೈಗಳೂ ಪೇಟೆ ಶಾಖೆಯವರ ಬಳಿಯೇ ಉಳಿದವು. ಮೇಡಂ ಎರಡನೇ ಕೌಂಟರಿನಲ್ಲಿ ಪಾಸ್‌ಬುಕ್ ಮುದ್ರಿಸುವ ಕೆಲಸಕ್ಕೆ ಕುಳಿತರು. ವ್ಯವಸ್ಥಾಪಕರ ಕಾರಣ ಸರಳವಾಗಿತ್ತು: ಆ ಪೆಟ್ಟಿಗೆ, ಆ ಕೊಠಡಿ, ಆ ರಿಜಿಸ್ಟರುಗಳು ಪೇಟೆ ಶಾಖೆಯವರಿಗೆ ಗೊತ್ತಿರುವಂಥವು. ಮೊದಲ ಭೇಟಿಯಲ್ಲಿ ನಾನೂ ಈ ಕಾರಣವನ್ನು ಒಪ್ಪಿದ್ದೆ.

ಫಲಿಸದ ಪ್ರಯತ್ನಗಳು

ಮೊದಲ ಪ್ರಯತ್ನ ಪ್ರಾದೇಶಿಕ ಕಚೇರಿಯಿಂದ ಬಂದದ್ದು. ಒಂದು ಭಾನುವಾರ ಎಲ್ಲರನ್ನೂ ಒಂದು ಕಡೆ ಸೇರಿಸಿ, ಒಂದೇ ಬಣ್ಣದ ಅಂಗಿ ಕೊಟ್ಟು, ಆಟ ಆಡಿಸಿ, ಊಟ ಹಾಕಿಸಿದ್ದಾಯಿತು. ಅಂದಿನ ಗುಂಪು ಚಿತ್ರವನ್ನು ನಾನು ನೋಡಿದ್ದೇನೆ. ಎಲ್ಲರ ಅಂಗಿಯೂ ಒಂದೇ, ಆದರೆ ಎಡಕ್ಕೆ ಒಂಬತ್ತು ಜನ, ಬಲಕ್ಕೆ ಹನ್ನೊಂದು ಜನ, ನಡುವೆ ವ್ಯವಸ್ಥಾಪಕರು. 1954ರಲ್ಲಿ ಅಮೆರಿಕದ ಒಕ್ಲಹೋಮಾದ ಬೇಸಿಗೆ ಶಿಬಿರವೊಂದರಲ್ಲಿ ಮುಜಫರ್ ಶೆರೀಫ್ ಎಂಬ ಮನೋವಿಜ್ಞಾನಿ ಎರಡು ಗುಂಪುಗಳಾಗಿ ಒಡೆದಿದ್ದ ಹುಡುಗರನ್ನು ಗಮನಿಸಿದಾಗಲೂ ಇದೇ ಕಂಡಿತ್ತು. ಒಟ್ಟಿಗೆ ಊಟಕ್ಕೆ ಕೂರಿಸಿದಾಗ, ಸಿನಿಮಾ ತೋರಿಸಿದಾಗ ಜಗಳ ಕಡಿಮೆಯಾಗಲಿಲ್ಲ. ಕೆಟ್ಟುಹೋದ ನೀರಿನ ವ್ಯವಸ್ಥೆಯನ್ನು ಎರಡೂ ಗುಂಪಿನವರು ಸೇರಿ ಹುಡುಕಿ ಸರಿಪಡಿಸಬೇಕಾದಂಥ ಸಂದರ್ಭಗಳು ಒಂದರ ಮೇಲೊಂದು ಬಂದಾಗ ಮಾತ್ರ ಕಡಿಮೆಯಾಯಿತು. ತರಬೇತಿಯಲ್ಲಿ ನಾನೇ ಹೇಳುತ್ತಿದ್ದ ಪಾಠ ಅದು. ಆದರೂ ಭಾನುವಾರದ ಊಟಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ.

ಎರಡನೆಯದು ಹೆಚ್ಚು ಹಾನಿ ಮಾಡಿತು. ಹಳೆಯದನ್ನು ಮರೆತರೆ ಹೊಸದು ಬೇರೂರುತ್ತದೆಂದು ನಂಬಿದ್ದ ವ್ಯವಸ್ಥಾಪಕರು ಶಾಖೆಯಲ್ಲಿ ಹಳೆಯ ಬ್ಯಾಂಕಿನ ಹೆಸರನ್ನು ಯಾರೂ ಆಡಬಾರದೆಂದು ಸಿಬ್ಬಂದಿ ಸಭೆಯಲ್ಲಿ ಹೇಳಿದರು. ಬಸ್‌ಸ್ಟ್ಯಾಂಡ್ ಶಾಖೆಯಿಂದ ಬಂದವರು ತಮ್ಮ ಜೊತೆ ತಂದಿದ್ದ ಸ್ಥಾಪಕರ ಭಾವಚಿತ್ರ ಮತ್ತು ಶಾಖೆ ಆರಂಭವಾದ ದಿನಾಂಕ ಕೆತ್ತಿದ್ದ ಕಲ್ಲಿನ ಫಲಕ ಹಳೆಯ ಕಡತಗಳ ಕೋಣೆ ಸೇರಿದವು. ಆ ವಾರವೇ ಮೂವರು ವರ್ಗಾವಣೆಗೆ ಅರ್ಜಿ ಬರೆದರು. ಹೆಸರನ್ನು ಗಟ್ಟಿಯಾಗಿ ಆಡುವುದು ನಿಂತಿತು, ಪಿಸುಮಾತು ಹೆಚ್ಚಿತು. ಪೇಟೆಯ ಇಬ್ಬರು ಹಳೆಯ ವ್ಯಾಪಾರಿಗಳು ಠೇವಣಿಯನ್ನು ಸ್ಥಳೀಯ ಸಹಕಾರ ಸಂಘಕ್ಕೆ ಸಾಗಿಸಿದರು. ಬಡ್ಡಿ ಹೆಚ್ಚು ಸಿಗುತ್ತದೆಂಬುದು ಅವರು ಕೊಟ್ಟ ಕಾರಣ. ನಿಜವಾದ ಕಾರಣವನ್ನು ಅವರಲ್ಲೊಬ್ಬರು ನನಗೆ ಹೇಳಿದರು: “ನಮ್ಮಪ್ಪ ಕೊಟ್ಟ ಮೊದಲನೇ ಠೇವಣಿಯ ದಿವಸ ಆ ಕಲ್ಲು ಅಲ್ಲಿತ್ತು ಸ್ವಾಮಿ. ಅದನ್ನೇ ಮೂಲೆಗೆ ಹಾಕಿದ ಮೇಲೆ ನಮಗೇನು ಕೆಲಸ?”

ಮೂರನೆಯ ಪ್ರಯತ್ನ ಆಸನಗಳನ್ನು ಬೆರೆಸುವುದು. ಒಬ್ಬರು ಇತ್ತ, ಒಬ್ಬರು ಅತ್ತ ಎಂದು ಆದೇಶ ಹೊರಟಿತು. ಪ್ರಿಂಟರ್ ದೂರವಾಯಿತು, ಸಂಪರ್ಕ ಸಿಗುತ್ತಿಲ್ಲ ಎಂಬ ಕಾರಣ ಹೇಳಿ ಎರಡು ವಾರದಲ್ಲಿ ಎಲ್ಲರೂ ಹಿಂದಿನ ಜಾಗಕ್ಕೆ ಮರಳಿದ್ದರು.

ತಿರುವು

ಒಂದು ಸೋಮವಾರ ಬೆಳಿಗ್ಗೆ ಬೀಗದಕೈ ಹಿಡಿದಿದ್ದ ಪೇಟೆ ಶಾಖೆಯ ಕ್ಯಾಷಿಯರ್‌ಗೆ ತೀವ್ರ ಜ್ವರ. ಅವರ ಮಗ ಬೀಗದಕೈಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಂದು ಕೊಟ್ಟ. ನಿಯಮದಂತೆ ಅದನ್ನು ಇನ್ನೊಬ್ಬ ಅರ್ಹರಿಗೆ ಒಪ್ಪಿಸಿ ರಿಜಿಸ್ಟರಿನಲ್ಲಿ ಇಬ್ಬರ ಸಹಿ ಪಡೆಯಬೇಕು. ಅರ್ಹರು ಎದುರಿಗೇ ಕುಳಿತಿದ್ದರು. ವ್ಯವಸ್ಥಾಪಕರು ಮಾತ್ರ ಹತ್ತಿರದ ಊರಿನ ಶಾಖೆಗೆ ಫೋನು ಮಾಡಿ ಅಲ್ಲಿನ ಕ್ಯಾಷಿಯರ್ ಒಬ್ಬರನ್ನು ಕಳಿಸಲು ಕೇಳಿದರು. ಅವರು ಬಸ್ಸಿನಲ್ಲಿ ಬರುವವರೆಗೆ, ಸುಮಾರು ಒಂದೂವರೆ ಗಂಟೆ, ನಗದು ಹೊರಬರಲಿಲ್ಲ. ಹೊರಗೆ ಪಿಂಚಣಿಗೆ ಬಂದ ಹಿರಿಯರು ಸಾಲುಗಟ್ಟಿ ನಿಂತಿದ್ದರು.

ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ಮೇಡಂ ವ್ಯವಸ್ಥಾಪಕರ ಕೋಣೆಗೆ ಹೋದರು. ಅಲ್ಲಿ ನಡೆದದ್ದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಎರಡೂ ಒಂದೇ ರೀತಿ ಇವೆ. “ಸರ್, ಇಪ್ಪತ್ತೇಳು ವರ್ಷ ಈ ಊರಿನ ದುಡ್ಡು ಕಾದಿದ್ದೀನಿ. ಒಂದು ರೂಪಾಯಿ ಹೆಚ್ಚುಕಡಿಮೆ ಆಗಿಲ್ಲ. ನನ್ನ ಕೈಗೆ ಬೀಗದಕೈ ಕೊಡೋಕೆ ಯಾಕೆ ಹಿಂಜರಿದ್ರಿ ಅಂತ ತಿಳ್ಕೊಂಡ್ರೆ ಸಾಕು. ಬೀಗದಕೈ ಬೇಡ.” ಮುಖ್ಯ ಕ್ಯಾಷಿಯರ್ ಆಗಿ ಅವರಿಗೆ ಸಿಗುತ್ತಿದ್ದ ವಿಶೇಷ ಭತ್ಯೆ ನಿಂತಿರಲಿಲ್ಲ ಎಂಬುದನ್ನು ನೆನಪಿಡಬೇಕು. ಅವರು ಕೇಳಿದ್ದು ಹಣವನ್ನಲ್ಲ.

ವ್ಯವಸ್ಥಾಪಕರು ಕೆಟ್ಟ ಮನುಷ್ಯರಲ್ಲ. “ಉತ್ತರ ಹೇಳೋಕೆ ಬಾಯಿ ತೆರೆದೆ, ಹೇಳುವಂಥ ಒಂದು ಕಾರಣವೂ ನನ್ನ ಬಳಿ ಇರಲಿಲ್ಲ” ಎಂದು ಅವರು ನನ್ನೊಡನೆ ಹೇಳಿಕೊಂಡರು. ಮರುದಿನದ ಸಭೆಯಲ್ಲಿ ಅವರು ಎಲ್ಲರ ಎದುರು ಕ್ಷಮೆ ಕೇಳಿದರು. ಕ್ಷಮೆಯಷ್ಟೇ ಆಗಿದ್ದರೆ ಅದೂ ಭಾನುವಾರದ ಊಟದಂತೆ ಮರೆತುಹೋಗುತ್ತಿತ್ತು. ಅದೇ ಸಭೆಯಲ್ಲಿ ಜಂಟಿ ಕಾವಲಿನ ಆದೇಶವನ್ನು ಓದಿದರು: ಇನ್ನು ಮುಂದೆ ಒಂದು ಬೀಗದಕೈ ಪೇಟೆ ಶಾಖೆಯಿಂದ ಬಂದವರ ಬಳಿ, ಒಂದು ಬಸ್‌ಸ್ಟ್ಯಾಂಡ್ ಶಾಖೆಯಿಂದ ಬಂದವರ ಬಳಿ ಇರುತ್ತದೆ. ಮುಖ್ಯ ಕ್ಯಾಷಿಯರ್ ಮೇಡಂ.

ಈ ನಿರ್ಧಾರವನ್ನು ಆಗ ನಾನು ಪ್ರಶ್ನಿಸಿದ್ದೆ. ಪಾಲು ಹಂಚಿದಂತೆ ಹಂಚಿದರೆ ಗುಂಪುಗಾರಿಕೆಗೆ ಮೊಹರು ಒತ್ತಿದಂತಾಗುವುದಿಲ್ಲವೇ ಎಂಬುದು ನನ್ನ ಅನುಮಾನ. ನಡೆದದ್ದು ಬೇರೆ. ಬೆಳಿಗ್ಗೆ ಒಂಬತ್ತೂವರೆಗೆ ಮತ್ತು ಸಂಜೆ ಮುಚ್ಚುವಾಗ, ದಿನಕ್ಕೆ ಎರಡು ಬಾರಿ, ಎರಡೂ ಕಡೆಯ ಒಬ್ಬೊಬ್ಬರು ಒಂದೇ ಬಾಗಿಲ ಮುಂದೆ ನಿಲ್ಲಲೇಬೇಕಾಯಿತು. ಒಬ್ಬರು ರಜೆ ಹಾಕಬೇಕಾದರೆ ಇನ್ನೊಬ್ಬರೊಂದಿಗೆ ಮಾತನಾಡಲೇಬೇಕಾಯಿತು. ನಂಬಿಕೆ ಬಂದ ಮೇಲೆ ಬೀಗದಕೈ ಕೊಡೋಣ ಎಂದು ಕಾದಿದ್ದರೆ ಅದು ಎಂದೂ ಬರುತ್ತಿರಲಿಲ್ಲ. ಬೀಗದಕೈ ಕೊಟ್ಟ ಮೇಲೆ ಬಂತು.

ಕೆಲಸದ ರೀತಿ ಯಾರದು?

ಮುಂದಿನ ಪರೀಕ್ಷೆ ಬೆಳೆಸಾಲದ ನವೀಕರಣ. ಮೂರು ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಕೇಂದ್ರದ ಬಡ್ಡಿ ರಿಯಾಯಿತಿ ಯೋಜನೆಯಲ್ಲಿ ಆಗ ಬಡ್ಡಿ ಶೇಕಡಾ 7 ಇತ್ತು. ಗಡುವಿನೊಳಗೆ ಮರುಪಾವತಿಸಿದವರಿಗೆ ಶೇಕಡಾ 3 ಪ್ರೋತ್ಸಾಹಧನ ಸಿಕ್ಕಿ, ರೈತನಿಗೆ ಬೀಳುತ್ತಿದ್ದುದು ಶೇಕಡಾ 4 ಮಾತ್ರ. ಗಡುವು ತಪ್ಪಿದರೆ ಆ ಲಾಭ ಹೋಯಿತು. ಆದ್ದರಿಂದ ಗಡುವಿನ ಹಿಂದಿನ ವಾರಗಳಲ್ಲಿ ಶಾಖೆ ಜಾತ್ರೆಯಾಗುತ್ತದೆ. ಪೇಟೆ ಶಾಖೆಯಲ್ಲಿ ಕಡತಗಳು ಖಾತೆ ಸಂಖ್ಯೆಯ ಕ್ರಮದಲ್ಲಿರುತ್ತಿದ್ದವು, ಬಂದವರನ್ನು ಬಂದಂತೆ ನೋಡುತ್ತಿದ್ದರು. ಬಸ್‌ಸ್ಟ್ಯಾಂಡ್ ಶಾಖೆಯಲ್ಲಿ ಕಡತಗಳು ಊರಿನ ಪ್ರಕಾರ ಇರುತ್ತಿದ್ದವು. ಒಂದೊಂದು ಹಳ್ಳಿಗೆ ಒಂದೊಂದು ದಿನ ಗೊತ್ತು ಮಾಡಿ, ಹಿಂದಿನ ಸಂತೆಯ ದಿನವೇ ಸುದ್ದಿ ಮುಟ್ಟಿಸುತ್ತಿದ್ದರು.

ವ್ಯವಸ್ಥಾಪಕರು ಇದನ್ನು ಮೇಲಿನಿಂದ ತೀರ್ಮಾನಿಸಲಿಲ್ಲ. ಎರಡೂ ಕಡೆಯ ಇಬ್ಬಿಬ್ಬರನ್ನು ಕೂರಿಸಿ, ರೈತನಿಗೆ ಕಡಿಮೆ ಅಲೆದಾಟವಾಗುವುದು ಯಾವುದರಲ್ಲಿ ಎಂಬ ಒಂದೇ ಪ್ರಶ್ನೆ ಕೊಟ್ಟರು. ಹಳ್ಳಿವಾರು ಪದ್ಧತಿ ಉಳಿಯಿತು. ಪೇಟೆ ಶಾಖೆಯವರು ತಮ್ಮ ಕಡತಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಆಭರಣ ಸಾಲದಲ್ಲಿ ಇದಕ್ಕೆ ವಿರುದ್ಧವಾಯಿತು. ಪೊಟ್ಟಣಗಳ ಮೇಲೆ ಇಬ್ಬರ ಸಹಿ, ವಾರಕ್ಕೊಮ್ಮೆ ಮುನ್ಸೂಚನೆಯಿಲ್ಲದ ತಪಾಸಣೆ ಮುಂತಾದ ಪೇಟೆ ಶಾಖೆಯ ಶಿಸ್ತು ಬಿಗಿಯಾಗಿತ್ತು, ಅದೇ ಉಳಿಯಿತು. ಬಸ್‌ಸ್ಟ್ಯಾಂಡ್ ಶಾಖೆಯವರು ತಮ್ಮ ಸಡಿಲ ರೂಢಿಯನ್ನು ಬಿಟ್ಟರು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ತಿರುಳು ಇಲ್ಲಿದೆ. ಒಂದು ಕಡೆಯವರು ಮಾತ್ರ ಕಲಿಯುವವರಾಗಿ, ಇನ್ನೊಂದು ಕಡೆಯವರು ಮಾತ್ರ ಕಲಿಸುವವರಾಗಿ ಇರುವವರೆಗೆ ‘ನಾವು’ ಎಂಬ ಮಾತಿಗೆ ಅರ್ಥ ಬರುವುದಿಲ್ಲ. ಎರಡೂ ಕಡೆಯವರು ತಮ್ಮದೊಂದನ್ನು ಬಿಟ್ಟುಕೊಟ್ಟ ಮೇಲೆ ಉಳಿದ ಪದ್ಧತಿ ಯಾರದೂ ಆಗದೆ ಎಲ್ಲರದೂ ಆಯಿತು.

ಮೆನು ತಿಳಿಯದವರ ಸಂಕಟಕ್ಕೂ ಹೀಗೆಯೇ ದಾರಿ ಸಿಕ್ಕಿತು. ಪೇಟೆ ಶಾಖೆಯ ಗುಮಾಸ್ತರಿಗೆ ಗಣಕ ಗೊತ್ತು, ಹಳ್ಳಿಗಳು ಗೊತ್ತಿಲ್ಲ. ಬಂದವರಿಗೆ ಯಾವ ಹಳ್ಳಿಯಲ್ಲಿ ಯಾರ ಜಮೀನು ಪಾಲಾಗಿದೆ, ಯಾರ ಪಹಣಿಯಲ್ಲಿ ತಂದೆಯ ಹೆಸರೇ ಇದೆ ಎಂಬುದು ಗೊತ್ತು. ಇಬ್ಬಿಬ್ಬರ ಜೋಡಿ ಮಾಡಿ ನವೀಕರಣದ ಮೇಜಿಗೆ ಕೂರಿಸಿದರು. ಮೇಲೆ ಹೇಳಿದ ಹುಡುಗ ಅದೇ ಹಿರಿಯ ಅಧಿಕಾರಿಯ ಪಕ್ಕದಲ್ಲಿ ಕುಳಿತು ಮೊದಲ ದಿನವೇ ಇಪ್ಪತ್ತು ಸಲ “ಸರ್, ಇವರು ಯಾರ ಮಗ?” ಎಂದು ಕೇಳಬೇಕಾಯಿತು. ಆಸನ ಬೆರೆಸುವ ಆದೇಶ ಮಾಡಲಾಗದ್ದನ್ನು ಆ ಮೇಜು ಮಾಡಿತು.

ಲೆಕ್ಕಕ್ಕೆ ಬಾರದವರು

ಎರಡು ಗುಂಪುಗಳ ಬಗ್ಗೆಯೇ ಯೋಚಿಸುತ್ತಿದ್ದ ನಾವು ಎರಡಕ್ಕೂ ಸೇರದವರನ್ನು ತಡವಾಗಿ ಗಮನಿಸಿದೆವು. ಒಡಿಶಾದಿಂದ ಬಂದಿದ್ದ ಯುವ ಅಧಿಕಾರಿಯೊಬ್ಬರು ವಿಲೀನದ ನಂತರ ನೇಮಕವಾದವರು. ಅವರಿಗೆ ಹಳೆಯ ಬ್ಯಾಂಕೇ ಇಲ್ಲ, ಆದ್ದರಿಂದ ಯಾವ ವಾಟ್ಸಾಪ್ ಗುಂಪೂ ಇಲ್ಲ, ಯಾವ ಚಹಾವೂ ಇಲ್ಲ. ಅವರಿಗೆ ಕನ್ನಡ ಕಲಿಸಿದ್ದು ಬಸ್‌ಸ್ಟ್ಯಾಂಡ್ ಶಾಖೆಯಿಂದ ಬಂದ ದಫ್ತರಿ, ದಿನಕ್ಕೆ ಐದು ಮಾತುಗಳಂತೆ. ಸಿಬ್ಬಂದಿ ಸಭೆ ಸಂಜೆ ಆರಕ್ಕೆ ನಡೆಯುತ್ತಿದ್ದುದರಿಂದ ಕೊನೆಯ ಬಸ್ಸು ಹಿಡಿಯಬೇಕಾದ ಮೂವರು ಮಹಿಳೆಯರು ಯಾವ ತೀರ್ಮಾನದಲ್ಲೂ ಇರುತ್ತಿರಲಿಲ್ಲ. ಸಭೆ ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಬಂದ ತಿಂಗಳಲ್ಲೇ, ಪಿಂಚಣಿಯ ದಿನ ಹಿರಿಯರಿಗೆ ಕುಳಿತುಕೊಳ್ಳಲು ಬೆಂಚು ಹಾಕುವ ಸಲಹೆ ಅವರಿಂದ ಬಂತು.

ಸಂಬಳದ ಪಟ್ಟಿಯಲ್ಲೇ ಇಲ್ಲದವರು ಇನ್ನೂ ದೂರದಲ್ಲಿದ್ದರು. ಮೂವರು ಪಿಗ್ಮಿ ಸಂಗ್ರಾಹಕರು, ಒಬ್ಬ ಚಿನ್ನ ಪರೀಕ್ಷಕರು. ಅಂಗಡಿ ಅಂಗಡಿಗೆ ಹೋಗುವ ಪಿಗ್ಮಿಯವರಿಗೆ ಗ್ರಾಹಕರು ಯಾಕೆ ಬಿಡುತ್ತಿದ್ದಾರೆಂಬುದು ಪ್ರಾದೇಶಿಕ ಕಚೇರಿಗಿಂತ ಮೊದಲೇ ಗೊತ್ತಿತ್ತು. ಕೇಳಿದವರಿರಲಿಲ್ಲ. ತಿಂಗಳ ಸಭೆಗೆ ಅವರನ್ನು ಕರೆದ ಮೊದಲ ದಿನ ಅವರಲ್ಲಿ ಹಿರಿಯರಾದವರು ಆಡಿದ ಮಾತು ಇದು: “ಆ ಕಲ್ಲನ್ನ ತಿರುಗಾ ಹಾಕಿ ಸರ್, ನಾನು ಹೋಗಿ ಮಾತಾಡ್ತೀನಿ.” ಕಲ್ಲಿನ ಫಲಕ ಹೊರಬಂದು ಬಾಗಿಲ ಪಕ್ಕದ ಗೋಡೆ ಸೇರಿತು. ಅದರ ಕೆಳಗೆ ಪೇಟೆ ಶಾಖೆ ಆರಂಭವಾದ ದಿನಾಂಕದ ಇನ್ನೊಂದು ಫಲಕವನ್ನೂ ಹಾಕಿದರು. ಸ್ಥಾಪಕರ ಭಾವಚಿತ್ರಗಳು ಎರಡೂ ಒಂದೇ ಎತ್ತರದಲ್ಲಿ ತೂಗಿದವು. ಹಳೆಯ ಹೆಸರಿನ ಮೇಲಿನ ನಿಷೇಧವನ್ನು ತೆಗೆದ ಮೇಲೆ ಆ ಹೆಸರು ಕೇಳಿಬರುವುದು ಕಡಿಮೆಯಾಯಿತು ಎಂಬುದನ್ನು ನಾನು ಮೂರನೆಯ ಭೇಟಿಯಲ್ಲಿ ಗಮನಿಸಿದೆ.

ಫಲ ಮತ್ತು ಉಳಿದದ್ದು

ವರ್ಗಾವಣೆಯ ಮೂರು ಅರ್ಜಿಗಳಲ್ಲಿ ಎರಡನ್ನು ಬರೆದವರೇ ಹಿಂತೆಗೆದುಕೊಂಡರು. ಒಬ್ಬರು ಸ್ವಯಂನಿವೃತ್ತಿ ತೆಗೆದುಕೊಂಡು ಹೋದರು. ಅವರನ್ನು ಉಳಿಸಿಕೊಳ್ಳಲಾಗದ್ದು ನಷ್ಟವೇ. ಠೇವಣಿ ಸಾಗಿಸಿದ ವ್ಯಾಪಾರಿಗಳಲ್ಲಿ ಒಬ್ಬರು ಮರಳಿದರು. ಜ್ಯೇಷ್ಠತೆ ಮತ್ತು ಬಡ್ತಿಯ ತಕರಾರುಗಳು ಶಾಖೆಯ ಮಟ್ಟದಲ್ಲಿ ಬಗೆಹರಿಯುವಂಥವಲ್ಲ, ಬಗೆಹರಿಯಲೂ ಇಲ್ಲ. ಒಂದು ಶಾಖೆಯ ಒಳ್ಳೆಯತನದಿಂದ ಅನ್ಯಾಯದ ಪಟ್ಟಿಯೊಂದು ಸರಿಹೋಗುತ್ತದೆಂದು ಯಾರೂ ಭಾವಿಸಬಾರದು. ಚಹಾ ಯಾವಾಗ ಒಂದೇ ಅಂಗಡಿಯಿಂದ ಬರತೊಡಗಿತೆಂದು ಕೇಳಿದೆ. ಯಾರಿಗೂ ನೆನಪಿರಲಿಲ್ಲ.

ಬೇರೆ ಶಾಖೆಗಳಲ್ಲಿ ಇದೇ ಕೆಲಸಕ್ಕೆ ಕೈಹಾಕುವವರಿಗೆ ನಾನು ಹೇಳುವುದು ಇಷ್ಟು. ಎರಡೂ ಕಡೆಯವರನ್ನು ಹೇಗೆ ಖುಷಿಪಡಿಸುವುದೆಂದು ಯೋಚಿಸುವ ಮೊದಲು, ಬೀಗದಕೈಗಳು ಯಾರ ಬಳಿ ಇವೆ, ಯಾರ ಪದ್ಧತಿ ಉಳಿದಿದೆ, ಸಭೆಯ ಹೊತ್ತು ಯಾರಿಗೆ ಅನುಕೂಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನೋಡಬೇಕು. ಈ ಶಾಖೆಯಲ್ಲಿ ನಾನು ಮೊದಲ ದಿನವೇ ಅದನ್ನು ಮಾಡಿದ್ದರೆ ಐದು ತಿಂಗಳು ಉಳಿಯುತ್ತಿತ್ತು. ಇನ್ನೊಂದು, ಮೊದಲ ಹೆಜ್ಜೆಯನ್ನು ಅಧಿಕಾರ ಇರುವ ಕಡೆಯವರೇ ಇಡಬೇಕು. ಮೇಡಂ ಆ ಕೋಣೆಗೆ ಹೋಗದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ. ನೊಂದವರೇ ಧೈರ್ಯ ಮಾಡಬೇಕಾಗಿ ಬಂದದ್ದು ನಮ್ಮ ವ್ಯವಸ್ಥೆಯ ಸೋಲು.

ವ್ಯವಸ್ಥಾಪಕರಿಗೆ ನಿಯಮದಂತೆ ವರ್ಗಾವಣೆಯಾಯಿತು. ಅಧಿಕಾರ ಹಸ್ತಾಂತರದ ದಿನ ಬೀಗದಕೈ ರಿಜಿಸ್ಟರ್ ನೋಡುತ್ತಿದ್ದ ಹೊಸ ವ್ಯವಸ್ಥಾಪಕರು, ಕೊನೆಯ ಆರು ತಿಂಗಳಲ್ಲಿ ಎಂಟು ಸಲ ಎರಡೂ ಬೀಗದಕೈಗಳು ಬಸ್‌ಸ್ಟ್ಯಾಂಡ್ ಶಾಖೆಯಿಂದ ಬಂದವರ ಬಳಿಯೇ ಇದ್ದುದನ್ನು ಕಂಡು, ಆದೇಶ ಮೀರಿದ್ದೇಕೆಂದು ಕೇಳಿದರಂತೆ. ರಜೆ, ಜ್ವರ, ಮದುವೆ ಎಂದು ಹೊಂದಿಸಿಕೊಳ್ಳುವಾಗ ಯಾರೂ ಅದನ್ನು ಎಣಿಸಿರಲಿಲ್ಲ. ಪೇಟೆ ಶಾಖೆಯಿಂದ ಬಂದ ಕ್ಯಾಷಿಯರ್ ಎದ್ದು ಬಂದು, ಆ ಎಂಟು ಸಲವೂ ಬೀಗದಕೈ ಕೊಟ್ಟ ಸಹಿ ತಮ್ಮದೇ ಎಂದು ತೋರಿಸಿದರು.